ಹುರುಳು: ಆಸ್ತಿಯ ಪದ ದೇವರ ಪದವಾದ ದಾರಿ

ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೊಸೂರು, ಕೃಷ್ಣಗಿರಿ, ಧರ್ಮಪುರಿ ಕಳೆದ ಮೇಲೆ, ತೊಪ್ಪೂರು ಘಾಟಿ ಇಳಿಯುವ ಮೊದಲು ನಲ್ಲಂಪಳ್ಳಿ ಸಿಗುತ್ತದೆ. ಹೆಸರಿನ ಕೊನೆಯ 'ಪಳ್ಳಿ' ನಮ್ಮ 'ಹಳ್ಳಿ'ಯೇ. ಹತ್ತನೆಯ ಶತಮಾನದ ಆಚೀಚೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗತೊಡಗಿತು. ತಮಿಳು ತನ್ನ ಪಕಾರವನ್ನು ಬಿಡಲಿಲ್ಲ. ಹೀಗಾಗಿ ಅಲ್ಲಿ ಪಾಲ್, ಇಲ್ಲಿ ಹಾಲು; ಅಲ್ಲಿ ಪುಲಿ, ಇಲ್ಲಿ ಹುಲಿ; ಅಲ್ಲಿ ಪೊನ್, ಇಲ್ಲಿ ಹೊನ್ನು. ಇದೇ ಸಾಲಿನ ಇನ್ನೊಂದು ಜೋಡಿ ಪೊರುಳ್ ಮತ್ತು ಹುರುಳು.

ಇಂದಿನ ಕನ್ನಡಿಗರು ಹುರುಳನ್ನು ಹೆಚ್ಚಾಗಿ ಇಲ್ಲವೆನ್ನುವಾಗ ಬಳಸುತ್ತಾರೆ: ಹುರುಳಿಲ್ಲದ ಮಾತು, ಆ ಸುದ್ದಿಯಲ್ಲಿ ಹುರುಳಿಲ್ಲ. ತಮಿಳರಿಗೆ ಪೊರುಳ್ ದಿನನಿತ್ಯದ ಪದ. ಅಂಗಡಿಯ ಸಾಮಾನೂ ಪೊರುಳ್, ಮಾತಿನ ಅರ್ಥವೂ ಪೊರುಳ್, ಮನೆಯ ಸಂಪತ್ತೂ ಪೊರುಳ್. ಧರ್ಮಪುರಿ ಧರ್ಮಪ್ರಾಂತ್ಯದ ಚರ್ಚುಗಳಲ್ಲಿ ಬಲಿಪೂಜೆಯ ನಡುವೆ ನೈಸಿಯ ವಿಶ್ವಾಸಪ್ರಮಾಣವನ್ನು ತಮಿಳಿನಲ್ಲಿ ಹೇಳುವಾಗ ಇದೇ ಪದ ಬೇರೊಂದು ಎತ್ತರಕ್ಕೆ ಏರುತ್ತದೆ. ಕ್ರಿಸ್ತನು ತಂದೆಯೊಡನೆ ಒಂದೇ 'ಪೊರುಳ್' ಎಂದು ಅಲ್ಲಿ ಸಭೆ ಒಟ್ಟಾಗಿ ಒಪ್ಪಿಕೊಳ್ಳುತ್ತದೆ. ಆ ಒಂದು ಪದದ ಹಿಂದೆ ಗ್ರೀಕರ ಊಸಿಯಾ ಇದೆ. ಊಸಿಯಾದ ಬೆನ್ನಿಗೆ, ಮೆಡಿಟರೇನಿಯನ್ ಸುತ್ತಲಿನ ಕ್ರೈಸ್ತ ಜಗತ್ತು ಅರ್ಧ ಶತಮಾನಕ್ಕೂ ಮಿಕ್ಕು ನಡೆಸಿದ ವಾದವಿದೆ. ಆ ವಾದ ಮೊದಲು ತೀರ್ಮಾನಕ್ಕೆ ಬಂದ ನೈಸಿಯದ ಮಹಾಸಭೆಗೆ 2025ರಲ್ಲಿ 1700 ವರ್ಷ ತುಂಬಿತು.

ನಲ್ಲಂಪಳ್ಳಿಯ ಸುತ್ತಿನ ಸೀಮೆಯಲ್ಲಿ ತಮಿಳಿನ ಜೊತೆಗೆ ಕನ್ನಡವೂ ತೆಲುಗೂ ಬದುಕಿವೆ. ನೊಳಂಬರ ಕಾಲದ ಕನ್ನಡ ಶಾಸನಗಳು ಧರ್ಮಪುರಿಯಲ್ಲೇ ದೊರೆತಿವೆ. 1792ರವರೆಗೆ ಈ ಬಾರಾಮಹಲ್ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ಕುಟುಂಬಗಳು ಈ ಭಾಗದಲ್ಲಿ ಇಂದಿಗೂ ಇವೆ. ಪೊರುಳ್ ಮತ್ತು ಹುರುಳು ಎರಡೂ ಒಂದೇ ಬಾಯಲ್ಲಿ ಉಳಿದಿರುವ ನೆಲದಲ್ಲಿ ನಿಂತು ಈ ಪದದ ಬಾಳನ್ನು ಹಿಂಬಾಲಿಸುವುದು ಸರಿಯಾದ ಕ್ರಮ ಎಂದು ನನಗೆ ತೋರುತ್ತದೆ.

ಸಂಪತ್ತು, ಅರ್ಥ, ವಸ್ತು

ಬರೋ ಮತ್ತು ಎಮನೋ ಅವರ ದ್ರಾವಿಡ ಪದಮೂಲ ನಿಘಂಟು ತಮಿಳಿನ ಪೊರುಳ್, ಹಳಗನ್ನಡದ ಪುರುಳ್, ನಂತರದ ಹುರುಳ್ ಇವನ್ನೆಲ್ಲ ಒಂದೇ ಕುಟುಂಬದಲ್ಲಿ ಇಡುತ್ತದೆ. ಕನ್ನಡದ ಪದಕ್ಕೂ ಶಕ್ತಿ, ಬೆಲೆ, ಸಾರ ಎಂಬ ಅರ್ಥಗಳಿವೆ. ತಮಿಳಿನ ಹಳೆಯ ಸಾಹಿತ್ಯದಲ್ಲಿ ಪೊರುಳ್ ಮೊದಲಿಗೆ ಸಂಪತ್ತು. ಸಂಗಂ ಕಾವ್ಯದಲ್ಲಿ ನಲ್ಲ ನಲ್ಲೆಯನ್ನು ಬಿಟ್ಟು ಗಳಿಕೆಗೆ ಹೊರಡುವ ಸಂದರ್ಭಕ್ಕೆ 'ಪೊರುಳ್ವಯಿನ್ ಪಿರಿವು' ಎಂದೇ ಹೆಸರಿದೆ. ನಲ್ಲಂಪಳ್ಳಿ ತಾಲ್ಲೂಕಿನ ಅದಿಯಮಾನ್‌ಕೋಟೆ ಯಾರ ಹೆಸರನ್ನು ಹೊತ್ತಿದೆಯೋ ಆ ತಗಡೂರಿನ, ಎಂದರೆ ಇಂದಿನ ಧರ್ಮಪುರಿಯ, ಅದಿಯಮಾನ ಅರಸರಲ್ಲಿ ನೆಡುಮಾನ್ ಅಂಜಿಯನ್ನು ಕವಯಿತ್ರಿ ಔವೈಯಾರ್ ಹಾಡಿದ್ದು ಅವನ ಪೊರುಳಿನ ದೊಡ್ಡತನಕ್ಕಲ್ಲ, ಪೊರುಳನ್ನು ಕೊಟ್ಟುಬಿಡುವ ಕೈಗೆ.

ವಳ್ಳುವರ್ ಬರೆದ ತಿರುಕ್ಕುರಳಿನ ಮೂರು ಭಾಗಗಳಲ್ಲಿ ನಡುವಿನದು ಪೊರುಳ್. ಕುರಳಿನ 133 ಅಧಿಕಾರಗಳಲ್ಲಿ 70 ಈ ಭಾಗದಲ್ಲೇ ಇವೆ. ಅಲ್ಲಿ ಪೊರುಳ್ ಎಂದರೆ ನಾಡು, ಅರಸು, ಗೆಳೆತನ, ದುಡಿಮೆ ಎಲ್ಲ ಸೇರಿದ ಲೋಕದ ಬಾಳು. ತಮಿಳಿನ ಹಳೆಯ ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂನ ಮೂರನೆಯ ಭಾಗ ಪೊರುಳದಿಕಾರಂ. ಅಲ್ಲಿ ಪೊರುಳ್ ಎಂದರೆ ಕಾವ್ಯವು ಹೇಳುವ ವಿಷಯ. ಒಂದೇ ಪದ ಕಣಜದಲ್ಲಿರುವುದನ್ನೂ ಮಾತಿನೊಳಗಿರುವುದನ್ನೂ ಹೆಸರಿಸುತ್ತದೆ. ಸಂಸ್ಕೃತದ 'ಅರ್ಥ'ವೂ ಹೀಗೆಯೇ: ಪುರುಷಾರ್ಥಗಳಲ್ಲಿ ಅದು ಸಂಪತ್ತು, ಶಬ್ದದ ಪಕ್ಕದಲ್ಲಿ ಅದು ಅಭಿಪ್ರಾಯ. ಮನುಷ್ಯ ಯಾವುದನ್ನು ಆತು ನಿಲ್ಲುತ್ತಾನೋ ಅದಕ್ಕೆ ಈ ಭಾಷೆಗಳು ಒಂದೇ ಹೆಸರು ಕೊಟ್ಟಿವೆ.

ಪಾಲಾಗುವ ಊಸಿಯಾ

ಗ್ರೀಕಿನ ಊಸಿಯಾ ಕೂಡ ಮೊದಲು ಆಸ್ತಿಯೇ. ಅಥೆನ್ಸಿನ ನ್ಯಾಯಾಲಯದ ಭಾಷಣಗಳಲ್ಲಿ ಅದು ಮನೆ, ಹೊಲ, ದಾಸರು, ಹಣ ಎಲ್ಲ ಸೇರಿದ ಸ್ವತ್ತು. ಪದದ ಹುಟ್ಟು 'ಇರು' ಎಂಬ ಕ್ರಿಯಾಪದದಲ್ಲಿದೆ. ಇರುವುದು ಯಾವುದೋ ಅದು ಊಸಿಯಾ. ಗ್ರೀಕಿನ 'ಎಸ್ತಿ', ಸಂಸ್ಕೃತದ 'ಅಸ್ತಿ' ಒಂದೇ ಇಂಡೋ-ಯುರೋಪಿಯನ್ ಬೇರಿನ ಚಿಗುರುಗಳು. ಎರಡಕ್ಕೂ 'ಇದೆ' ಎಂದೇ ಅರ್ಥ. ಕನ್ನಡ, ತಮಿಳುಗಳ 'ಆಸ್ತಿ' ಈ 'ಅಸ್ತಿ'ಯಿಂದ ಬಂದದ್ದು. ಇದೆ ಎನ್ನುವುದೇ ಇದ್ದದ್ದರ ಹೆಸರಾಯಿತು. 'ಸತ್', 'ಸತ್ಯ' ಕೂಡ ಅದೇ ಬೇರಿನವು. ಹಾಗೆ ನೋಡಿದರೆ ತಾಲ್ಲೂಕು ಕಚೇರಿಯ ಆಸ್ತಿಪತ್ರದಲ್ಲಿರುವ ಪದವೂ ನೈಸಿಯದ ಧರ್ಮಾಧ್ಯಕ್ಷರು ಹಿಡಿದು ವಾದಿಸಿದ ಪದವೂ ದೂರದ ದಾಯಾದಿಗಳು.

ಪ್ಲೇಟೊ ಈ ಪದವನ್ನು ಮಾರುಕಟ್ಟೆಯಿಂದ ತತ್ತ್ವಚಿಂತನೆಗೆ ತಂದ. ಬದಲಾಗದೆ ನಿಜವಾಗಿ ಇರುವುದಕ್ಕೆ ಊಸಿಯಾ ಎಂದ. ಅರಿಸ್ಟಾಟಲ್ ಅದನ್ನು ಎರಡಾಗಿ ಬಿಡಿಸಿದ. ಇಗೋ ಎಂದು ತೋರಿಸಬಹುದಾದ ಈ ಒಬ್ಬ ಮನುಷ್ಯ ಮೊದಲ ಊಸಿಯಾ. ಅವನೂ ಇತರರೂ ಸೇರಿದ 'ಮನುಷ್ಯ' ಎಂಬ ಜಾತಿ ಎರಡನೆಯ ಊಸಿಯಾ. ಇಬ್ಬರು 'ಒಂದೇ ಊಸಿಯಾ' ಎಂದಾಗ ಅವರು ಒಬ್ಬನೇ ಎಂದಾಗಬಹುದು, ಒಂದೇ ಬಗೆಯವರು ಎಂದೂ ಆಗಬಹುದು. ಮುಂದೆ ನಡೆದ ಜಗಳದ ಬೀಜ ಇಲ್ಲಿದೆ.

ಹೊಸ ಒಡಂಬಡಿಕೆಯಲ್ಲಿ ಊಸಿಯಾ ಬರುವುದು ಎರಡೇ ಕಡೆ, ಅದೂ ಅಕ್ಕಪಕ್ಕದ ವಚನಗಳಲ್ಲಿ: ಲೂಕನ ಸುವಾರ್ತೆಯ 15ನೇ ಅಧ್ಯಾಯದ 12 ಮತ್ತು 13. ತಂದೆಯಿಂದ ತನ್ನ ಪಾಲನ್ನು ಕೇಳಿ ಪಡೆದು, ದೂರದೇಶಕ್ಕೆ ಹೋಗಿ ಅದನ್ನು ಹಾಳುಮಾಡಿದ ಕಿರಿಯ ಮಗನ ಸಾಮತಿ ಅದು. ಕನ್ನಡ ಬೈಬಲ್ ಅಲ್ಲಿ 'ಆಸ್ತಿ' ಎಂದಿದೆ, ಹಳೆಯ ತಮಿಳು ಬೈಬಲ್ಲೂ 'ಆಸ್ತಿ' ಎಂದಿದೆ. ಮೂಲದ ಪದಕ್ಕೆ ಅದರ ರಕ್ತಸಂಬಂಧಿಯೇ ಅನುವಾದವಾಗಿ ಬಂದು ಕೂತಿದೆ. ತಂದೆಯ ಊಸಿಯಾ ಇಬ್ಬರು ಮಕ್ಕಳಿಗೆ ಪಾಲಾದಾಗ ಕಿರಿಯವನಿಗೆ ಹೋದಷ್ಟು ತಂದೆಯ ಬಳಿ ಕಡಿಮೆಯಾಗುತ್ತದೆ. ಹೊಲದ ನಡುವೆ ಬದು ಏಳುತ್ತದೆ. ನಾಲ್ಕನೆಯ ಶತಮಾನದಲ್ಲಿ ದೇವರ ವಿಷಯಕ್ಕೆ ಈ ಪದ ಬಂದಾಗ ಅನೇಕರು ಹೆದರಿದ್ದು ಇದಕ್ಕೇ. ಮಗನಿಗೂ ತಂದೆಗೂ ಒಂದೇ ಊಸಿಯಾ ಎಂದರೆ ದೇವರನ್ನೇ ಪಾಲುಮಾಡಿದಂತೆ ಆಗುವುದಿಲ್ಲವೇ ಎಂದು ಅವರು ಕೇಳಿದರು.

ಅಲೆಕ್ಸಾಂಡ್ರಿಯದ ಗುರು

ಸುಮಾರು 318ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಆರಿಯಸ್ ಎಂಬ ಗುರು ತನ್ನ ಧರ್ಮಾಧ್ಯಕ್ಷ ಅಲೆಕ್ಸಾಂಡರನ ಬೋಧನೆಯನ್ನು ಎದುರಿಸಿದ. ಅವನ ನಿಲುವನ್ನು ನ್ಯಾಯವಾಗಿ ಹೇಳಬೇಕು. ದೇವರು ಒಬ್ಬನೇ, ಹುಟ್ಟಿಲ್ಲದವನು, ಯಾರಿಂದಲೂ ಬಂದವನಲ್ಲ. ಮಗನು ತಂದೆಯಿಂದ ಬಂದವನು. ಆದ್ದರಿಂದ ಮಗನಿಗೆ ಆದಿಯಿದೆ, ಅವನು ಇರದಿದ್ದ ಒಂದು ಸ್ಥಿತಿಯಿತ್ತು. ಉಳಿದ ಸೃಷ್ಟಿಗಿಂತ ಅವನು ಎಷ್ಟೋ ಎತ್ತರದವನು, ಲೋಕವೆಲ್ಲ ಅವನ ಮೂಲಕ ಆಯಿತು, ಆದರೂ ಅವನು ದೇವರ ಸಂಕಲ್ಪದಿಂದ ಆದವನು. ಒಬ್ಬನೇ ದೇವರು ಎಂಬ ನಂಬಿಕೆಯನ್ನು ಕಾಯುವ ಕಾಳಜಿ ಇದರಲ್ಲಿತ್ತು. ಒಂದೇ ಊಸಿಯಾ ಎನ್ನುವುದು ದೇವರನ್ನು ತುಂಡುಮಾಡುವ ಮಾತು ಎಂದು ಆರಿಯಸ್ ಅಲೆಕ್ಸಾಂಡರನಿಗೆ ಬರೆದ ಪತ್ರದಲ್ಲೇ ತಳ್ಳಿಹಾಕಿದ. ನಾವಿಕರಿಗೆ, ಗಿರಣಿಯವರಿಗೆ, ದಾರಿಹೋಕರಿಗೆ ಹಾಡಲು ಬರುವಂತೆ ತನ್ನ ವಾದವನ್ನು ಅವನು ಹಾಡುಗಳಲ್ಲಿ ಕಟ್ಟಿದನೆಂದು ಮುಂದಿನ ಚರಿತ್ರಕಾರರು ಹೇಳುತ್ತಾರೆ.

ಎದುರು ಪಕ್ಷದ ಸಂಕಟವೂ ಅಷ್ಟೇ ನಿಜ. ಕ್ರೈಸ್ತರು ಮೊದಲಿನಿಂದಲೂ ಕ್ರಿಸ್ತನಿಗೆ ಪ್ರಾರ್ಥಿಸುತ್ತಿದ್ದರು, ಅವನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಿದ್ದರು. ಅವನು ಸೃಷ್ಟಿಯಲ್ಲಿ ಒಬ್ಬನಾದರೆ ಆ ಪ್ರಾರ್ಥನೆ ಸೃಷ್ಟಿಯ ಆರಾಧನೆಯಾಗುತ್ತದೆ. ಶಿಲುಬೆಯ ಮೇಲೆ ನೊಂದವನು ದೇವರು ಕಳಿಸಿದ ಒಬ್ಬ ದೊಡ್ಡ ದೂತನಷ್ಟೇ ಆದರೆ ದೇವರು ಸ್ವತಃ ಮನುಷ್ಯರ ನೋವಿನೊಳಗೆ ಬರಲಿಲ್ಲ ಎಂದಾಗುತ್ತದೆ. ಅಲೆಕ್ಸಾಂಡರನ ಉಪಯಾಜಕನಾಗಿದ್ದು, 328ರಲ್ಲಿ ಅವನ ಪೀಠಕ್ಕೆ ಬಂದ ಅಥನೇಸಿಯಸ್ ಬದುಕಿಡೀ ಹಿಡಿದದ್ದು ಈ ಒಂದು ಎಳೆಯನ್ನು: ದೇವರಲ್ಲದವನು ಮನುಷ್ಯನನ್ನು ದೇವರ ಬಳಿಗೆ ಒಯ್ಯಲಾರ.

ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯದಲ್ಲಿ, ಎಂದರೆ ಇಂದಿನ ಟರ್ಕಿಯ ಇಜ್ನಿಕ್ ಪಟ್ಟಣದಲ್ಲಿ, ಧರ್ಮಾಧ್ಯಕ್ಷರನ್ನು ಕೂಡಿಸಿದ. ಸಂಪ್ರದಾಯ ಅವರ ಸಂಖ್ಯೆಯನ್ನು 318 ಎನ್ನುತ್ತದೆ. ಅಲ್ಲಿಯೇ ಇದ್ದ ಕೈಸರೈಯದ ಯೂಸೆಬಿಯಸ್ 250ಕ್ಕೂ ಮಿಕ್ಕು ಎಂದು ಬರೆದಿದ್ದಾನೆ. ಬೈಬಲಿನ ಮಾತುಗಳಲ್ಲೇ ಆರಿಯಸನ ಬೋಧನೆಯನ್ನು ಹೊರಗಿಡುವುದು ಕಷ್ಟವಾಯಿತು, ಏಕೆಂದರೆ ಆ ಮಾತುಗಳನ್ನೆಲ್ಲ ಅವನ ಕಡೆಯವರೂ ತಮ್ಮ ಅರ್ಥದಲ್ಲಿ ಒಪ್ಪುತ್ತಿದ್ದರು. ಆಗ ಸಭೆ ಬೈಬಲಿನಲ್ಲಿಲ್ಲದ ಪದವೊಂದನ್ನು ಆಯ್ದುಕೊಂಡಿತು: ಹೊಮೊಊಸಿಯೊಸ್, ಒಂದೇ ಊಸಿಯಾ ಉಳ್ಳವನು. ಲಿಬಿಯಾ ಕಡೆಯ ಇಬ್ಬರು ಧರ್ಮಾಧ್ಯಕ್ಷರು, ಸೆಕುಂದಸ್ ಮತ್ತು ಥಿಯೊನಾಸ್, ಸಹಿ ಹಾಕಲಿಲ್ಲ. ಆರಿಯಸನೊಡನೆ ಅವರೂ ಗಡಿಪಾರಾದರು.

ಸಹಿ ಹಾಕಿದ ಹಲವರಿಗೂ ಮನಸ್ಸು ಹಗುರವಾಗಿರಲಿಲ್ಲ. ಎರಡನೆಯ ಶತಮಾನದ ಜ್ಞಾನವಾದಿ ಪಂಥಗಳು ಈ ಪದವನ್ನು ಬಳಸಿದ್ದವು. 268ರ ಅಂತಿಯೋಕ್ಯದ ಸಭೆ ಸಮೊಸಾತದ ಪೌಲನನ್ನು ಖಂಡಿಸುವಾಗ ಇದೇ ಪದವನ್ನು ತಿರಸ್ಕರಿಸಿತ್ತೆಂದು ಮುಂದೆ ಅಥನೇಸಿಯಸನೂ ಕಪ್ಪದೋಕ್ಯದ ಬಸಿಲನೂ ಬರೆಯಬೇಕಾಯಿತು. ತಂದೆ, ಮಗ ಎಂಬುದು ಒಬ್ಬನದೇ ಎರಡು ಮುಖ ಎಂದ ಸಬೆಲಿಯಸನ ನೆರಳೂ ಪದದ ಮೇಲೆ ಬಿದ್ದಿತ್ತು. ಯೂಸೆಬಿಯಸ್ ತನ್ನ ಊರಿನವರಿಗೆ ಪತ್ರ ಬರೆದು ಇದರಲ್ಲಿ ಪಾಲಾಗುವುದೂ ಇಲ್ಲ, ಕಡಿಯುವುದೂ ಇಲ್ಲ ಎಂದು ವಿವರಿಸಿದ. ಲೂಕನ ಸಾಮತಿಯ ಊಸಿಯಾ ಹಂಚಿಹೋಯಿತು. ನೈಸಿಯದ ಊಸಿಯಾ ಹಂಚದೆ ಪೂರ್ತಿಯಾಗಿ ಮಗನದೂ ಆಯಿತು. ಆಸ್ತಿಯ ಪದದಿಂದ ಪಾಲಿನ ಅರ್ಥವನ್ನು ತೆಗೆದು, ಕೊಟ್ಟರೂ ಕಡಿಮೆಯಾಗದ ಇರವಿಗೆ ಅದನ್ನು ಹೆಸರಾಗಿಸಿದ್ದು ಆ ಸಭೆಯ ಸಾಧನೆ.

ಒಂದು ಅಕ್ಷರ, ಐವತ್ತಾರು ವರ್ಷ

ನೈಸಿಯದಿಂದ ಜಗಳ ಮುಗಿಯಲಿಲ್ಲ, ಬೆಳೆಯಿತು. ಮಗನು ತಂದೆಯಂತೆಯೇ ಇದ್ದಾನೆ, ಆದರೆ ಒಂದೇ ಎನ್ನಬೇಡಿ ಎಂದವರು ಹೊಮೊಯ್‌ಊಸಿಯೊಸ್ ಎಂಬ ಪದ ಹಿಡಿದರು. ಗ್ರೀಕ್ ಬರಹದಲ್ಲಿ ಎರಡಕ್ಕೂ ನಡುವೆ ಇರುವುದು ಅಯೋಟ ಎಂಬ ಒಂದೇ ಸಣ್ಣ ಅಕ್ಷರ. 358ರಲ್ಲಿ ಅಂಕಿರಾದ ಬಸಿಲ್ ಈ ಪಕ್ಷವನ್ನು ಒಗ್ಗೂಡಿಸಿದ. ಅದಕ್ಕೆ ಹಿಂದಿನ ವರ್ಷ ಸಿರ್ಮಿಯಂನಲ್ಲಿ ಕೂಡಿದವರು ಊಸಿಯಾ ಬೈಬಲಿನ ಮಾತಲ್ಲ, ಜನರಿಗೆ ತಿಳಿಯುವುದೂ ಇಲ್ಲ, ಆದ್ದರಿಂದ ಈ ಎರಡೂ ಪದಗಳು ಬೇಡ ಎಂದಿದ್ದರು. ಚಕ್ರವರ್ತಿ ಕಾನ್‌ಸ್ಟಾಂಟಿಯಸ್‌ನ ಒತ್ತಾಯದಲ್ಲಿ 360ರ ಹೊತ್ತಿಗೆ ಊಸಿಯಾ ಇಲ್ಲದ ವಿಶ್ವಾಸಪ್ರಮಾಣವೇ ಸಾಮ್ರಾಜ್ಯದ ಪ್ರಮಾಣವಾಯಿತು. ಅಥನೇಸಿಯಸ್ ಐದು ಬಾರಿ ಗಡಿಪಾರಾಗಿ ಸುಮಾರು ಹದಿನೇಳು ವರ್ಷ ತನ್ನ ಊರಿನಿಂದ ದೂರವಿದ್ದ.

ಒಂದಕ್ಷರಕ್ಕೆ ಇಷ್ಟು ಹಟವೇ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆ ಅಕ್ಷರದ ಒಂದು ಕಡೆ 'ಅವನೇ', ಇನ್ನೊಂದು ಕಡೆ 'ಅವನಂತೆ' ಇದೆ. ಹಸಿದವನ ಮನೆಗೆ ಬಂದವನು ದೊರೆಯೇ ಆಗಿರುವುದಕ್ಕೂ ದೊರೆಯಂತೆ ಕಾಣುವವನಾಗಿರುವುದಕ್ಕೂ ಇರುವ ಅಂತರ ಸಣ್ಣದಲ್ಲ. ಆ ಕಾಲದ ಸಾಮಾನ್ಯರಿಗೂ ಇದು ತಿಳಿದಿತ್ತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಿಲ್ಲರೆ ಬದಲಿಸುವವನೂ ರೊಟ್ಟಿ ಮಾರುವವನೂ ಸ್ನಾನಗೃಹದ ಆಳೂ ಮಗನು ಹುಟ್ಟಿದವನೋ ಅಲ್ಲವೋ ಎಂದು ವಾದಿಸುತ್ತಿದ್ದರೆಂದು ನಿಸ್ಸದ ಗ್ರೆಗರಿ ಬೇಸರದಿಂದ ಬರೆದಿದ್ದಾನೆ. ಅವನ ಬೇಸರ ಅರ್ಥವಾಗುತ್ತದೆ. ಆದರೂ ಬೀದಿಯ ಜನ ದೇವರ ಕುರಿತ ಪದವೊಂದನ್ನು ತಮ್ಮದೆಂದು ಎಣಿಸಿದ್ದ ಕಾಲವನ್ನು ನಾನು ಗೌರವದಿಂದ ನೋಡುತ್ತೇನೆ.

ಗೊಂದಲಕ್ಕೆ ಇನ್ನೊಂದು ಪದವೂ ಕಾರಣ. ಹಿಪೊಸ್ತಾಸಿಸ್ ಎಂದರೆ ಕೆಳಗೆ ನಿಂತು ಆಧಾರವಾದದ್ದು. ನೈಸಿಯದ ಪ್ರಮಾಣದ ಕೊನೆಯ ಖಂಡನೆಯಲ್ಲಿ ಊಸಿಯಾ, ಹಿಪೊಸ್ತಾಸಿಸ್ ಎರಡೂ ಒಂದೇ ಅರ್ಥದಲ್ಲಿ ಬಂದಿದ್ದವು. ಮೂರು ಹಿಪೊಸ್ತಾಸಿಸ್ ಎಂದವರು ಒಂದೇ ಹಿಪೊಸ್ತಾಸಿಸ್ ಎಂದವರಿಗೆ ಮೂರು ದೇವರನ್ನು ನಂಬುವವರಾಗಿ ಕಂಡರು. ಎರಡನೆಯವರು ಮೊದಲಿನವರಿಗೆ ಸಬೆಲಿಯಸನ ಶಿಷ್ಯರಾಗಿ ಕಂಡರು. 362ರಲ್ಲಿ ಅಥನೇಸಿಯಸ್ ಅಲೆಕ್ಸಾಂಡ್ರಿಯದಲ್ಲಿ ಸಭೆ ಕರೆದು ಇಬ್ಬರನ್ನೂ ಕೂರಿಸಿ ನಿಮ್ಮ ಮಾತಿನ ಅರ್ಥವೇನು ಎಂದು ಕೇಳಿಸಿದ. ಬೇರೆ ಪದಗಳಲ್ಲಿ ಇಬ್ಬರೂ ಒಂದನ್ನೇ ಹೇಳುತ್ತಿದ್ದಾರೆಂದು ಗೊತ್ತಾಯಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಗಳಿಗೆ ಇದು. ಮೂವತ್ತು ವರ್ಷ ಹೊಮೊಊಸಿಯೊಸ್‌ಗಾಗಿ ಬಡಿದಾಡಿದ ಮುದುಕ, ಎದುರಿನವನ ಪದದೊಳಗೆ ತನ್ನ ನಂಬಿಕೆ ಇದೆಯೇ ಎಂದು ಹುಡುಕಿ, ಇದ್ದದ್ದನ್ನು ಒಪ್ಪಿಕೊಂಡ.

ಆಮೇಲೆ ಕಪ್ಪದೋಕ್ಯದ ಮೂವರು, ಕೈಸರೈಯದ ಬಸಿಲ್, ಅವನ ತಮ್ಮ ನಿಸ್ಸದ ಗ್ರೆಗರಿ, ಗೆಳೆಯ ನಾಜಿಯಾಂಜಸದ ಗ್ರೆಗರಿ, ಪದಗಳನ್ನು ಬೇರ್ಪಡಿಸಿ ಇಟ್ಟರು: ಊಸಿಯಾ ಒಂದು, ಹಿಪೊಸ್ತಾಸಿಸ್ ಮೂರು. ಎಲ್ಲರಿಗೂ ಸಮಾನವಾದದ್ದು ಊಸಿಯಾ, ಒಬ್ಬೊಬ್ಬನಿಗೇ ಮೀಸಲಾದದ್ದು ಹಿಪೊಸ್ತಾಸಿಸ್. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಹೊಮೊಊಸಿಯೊಸ್ ಪದವನ್ನು ಉಳಿಸಿತು. ಇಂದು ಕಥೋಲಿಕರು, ಪೂರ್ವದ ಆರ್ಥೊಡಾಕ್ಸರು, ಅನೇಕ ಪ್ರೊಟೆಸ್ಟಂಟರು ಹೇಳುವ ನೈಸಿಯ ಪ್ರಮಾಣ ಆ ಸಭೆಯ ಹೆಸರಿನಲ್ಲಿ ಉಳಿದುಬಂದ ರೂಪ. 451ರ ಕಾಲ್ಸಿಡನ್ ಸಭೆ ಪದಕ್ಕೆ ಇನ್ನೊಂದು ಮಗ್ಗುಲು ಕೊಟ್ಟಿತು. ದೇವತ್ವದಲ್ಲಿ ಕ್ರಿಸ್ತನು ತಂದೆಯೊಡನೆ ಹೊಮೊಊಸಿಯೊಸ್, ಮನುಷ್ಯತ್ವದಲ್ಲಿ ನಮ್ಮೊಡನೆಯೂ ಹೊಮೊಊಸಿಯೊಸ್ ಎಂದಿತು. ಪದ ಈಗ ಮೇಲಕ್ಕೂ ಕೆಳಕ್ಕೂ ಕೈಚಾಚಿತು. ಆ ಸಭೆಯ ಉಳಿದ ಮಾತುಗಳ ಮೇಲೆ ಕ್ರೈಸ್ತರು ಮತ್ತೆ ಒಡೆದರು. ಹೊಮೊಊಸಿಯೊಸ್ ಮಾತ್ರ ಒಡೆದ ಎರಡೂ ಕಡೆಯಲ್ಲಿ ಉಳಿಯಿತು.

ಪೂರ್ವಕ್ಕೆ ಬಂದ ದಾರಿ

ಲ್ಯಾಟಿನರು ಊಸಿಯಾವನ್ನು ಸುಬ್‌ಸ್ತಾನ್ಷಿಯ ಎಂದರು. ಕಟ್ಟಣೆಯಲ್ಲಿ ಅದು ಹಿಪೊಸ್ತಾಸಿಸ್‌ನ ನೆರಳಚ್ಚು, ಅರ್ಥದಲ್ಲಿ ಊಸಿಯಾ. ಪೂರ್ವ ಪಶ್ಚಿಮಗಳು ಒಬ್ಬರನ್ನೊಬ್ಬರು ತಪ್ಪು ತಿಳಿಯಲು ಇದೂ ಒಂದು ಕಾರಣ. ಜೆರೋಮನ ಲ್ಯಾಟಿನ್ ಬೈಬಲಿನಲ್ಲಿ ಕಿರಿಯ ಮಗ ಕೇಳುವ ಪಾಲೂ ಸುಬ್‌ಸ್ತಾನ್ಷಿಯವೇ. ಅಲ್ಲಿಂದ ಬಂದ ಇಂಗ್ಲಿಷಿನ ಸಬ್‌ಸ್ಟನ್ಸ್ ಕೂಡ ಒಮ್ಮೆ ಸಂಪತ್ತಿನ ಹೆಸರಾಗಿತ್ತು. ಪೂರ್ವ ಸಿರಿಯಾಕ್ ಸಂಪ್ರದಾಯ ಸ್ವಭಾವ ಎಂಬರ್ಥದ 'ಕ್ಯಾನಾ' ಪದವನ್ನು ನೆಚ್ಚಿತು. ಕೇರಳದ ತೋಮಾ ಕ್ರೈಸ್ತರು ಪೋರ್ಚುಗೀಸರು ಬರುವ ಎಷ್ಟೋ ಮೊದಲೇ ಸಿರಿಯಾಕಿನಲ್ಲಿ ಆರಾಧನೆ ನಡೆಸುತ್ತಿದ್ದರು. ನೈಸಿಯದ ನಂಬಿಕೆ ದಕ್ಷಿಣ ಭಾರತಕ್ಕೆ ಮೊದಲು ಬಂದದ್ದು ಆ ದಾರಿಯಲ್ಲಿ.

ಸೇಲಂ ಸೀಮೆಗೆ ಅದು ಬೇರೆ ದಾರಿಯಲ್ಲಿ ಬಂತು. ಮಧುರೆಯಲ್ಲಿ 1606ರಿಂದ ಕೆಲಸ ಮಾಡಿದ ಇಟಲಿಯ ಯೇಸುಸಭೆಯ ಗುರು ರಾಬರ್ಟ್ ದೆ ನೊಬಿಲಿ 1623ರಲ್ಲಿ ಉತ್ತರಕ್ಕೆ ಹೊರಟು ಸೇಂದಮಂಗಲ, ಸೇಲಂಗಳಿಗೆ ಬಂದ. ಸಂನ್ಯಾಸಿಯ ಉಡುಗೆ ತೊಟ್ಟು, ತಮಿಳು ಸಂಸ್ಕೃತಗಳನ್ನು ಆಳವಾಗಿ ಕಲಿತು, ಕ್ರೈಸ್ತ ನಂಬಿಕೆಗೆ ಇಲ್ಲಿಯದೇ ಪದಗಳನ್ನು ಹುಡುಕಿದ. ದೇವರಿಗೆ ಅವನು ನೆಲೆಗೊಳಿಸಿದ ಹೆಸರು ಸರ್ವೇಶ್ವರ. ಅದೇ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ ಕಟ್ಟಿದ. ಕನ್ನಡದ ವ್ಯಾಕರಣ, ಶಬ್ದಕೋಶ, ಧರ್ಮೋಪದೇಶದ ಪುಸ್ತಕಗಳನ್ನು ಬರೆದ. ಆ ಮಿಶನ್ ಕನ್ನಡ, ತಮಿಳು ಎರಡೂ ನುಡಿಗಳ ಸೀಮೆಯಲ್ಲಿ ನಡೆಯಿತು. ಧರ್ಮಪುರಿ ಹತ್ತಿರದ ಕೋವಿಲೂರು ಈ ಭಾಗದ ಹಳೆಯ ಕಥೋಲಿಕ ನೆಲೆಗಳಲ್ಲೊಂದು. ಧರ್ಮಪುರಿ ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 1997ರಲ್ಲಿ.

ಪ್ರೊಟೆಸ್ಟಂಟರ ಕಡೆಯಿಂದ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಅವನೂ ಅವನ ಜೊತೆಯವರೂ ದುಡಿದ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ತಿಯಾಯಿತು. ಇಬ್ರಿಯರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಮಗನ ಕುರಿತು ಹಿಪೊಸ್ತಾಸಿಸ್ ಪದ ಬರುವಲ್ಲಿ ಇಂದು ಬಳಕೆಯಲ್ಲಿರುವ ಹಳೆಯ ಕನ್ನಡ ಅನುವಾದ 'ತತ್ವ' ಎನ್ನುತ್ತದೆ, ತಮಿಳಿನದು 'ತನ್ಮೈ' ಎನ್ನುತ್ತದೆ. 1898ರಲ್ಲಿ ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು ತ್ರಿತ್ವವನ್ನು ಸಚ್ಚಿದಾನಂದ ಎಂದು ಸಂಸ್ಕೃತದಲ್ಲಿ ಸ್ತುತಿಸಿದರು. ತಂದೆಗೆ ಸಂದ 'ಸತ್' ಊಸಿಯಾದ ಒಡಹುಟ್ಟು. ಸಾವಿರಾರು ವರ್ಷ ಬೇರೆಬೇರೆ ಮನೆಗಳಲ್ಲಿ ಬೆಳೆದ ಪದಗಳು ಆ ಸ್ತುತಿಯಲ್ಲಿ ಎದುರುಬದುರಾದವು.

ತಮಿಳು ಕಥೋಲಿಕರು ಸಂಸ್ಕೃತದ ಸತ್ತನ್ನೂ ಲ್ಯಾಟಿನಿನ ಸುಬ್‌ಸ್ತಾನ್ಷಿಯವನ್ನೂ ಎರವಲು ಪಡೆಯದೆ ಪೊರುಳ್ ಎಂದರು. ವಳ್ಳುವರ್ ಸಂಪತ್ತಿಗೆ, ತೊಲ್ಕಾಪ್ಪಿಯರ್ ಕಾವ್ಯವಸ್ತುವಿಗೆ, ಸಂತೆಯವರು ಸರಕಿಗೆ ಬಳಸುವ ಪದ ಅದು. ಊಸಿಯಾ ಸಾಗಿಬಂದ ದಾರಿಯನ್ನೇ ಪೊರುಳ್ ಕೂಡ ಸಾಗಿತು: ಮೊದಲು ಆಸ್ತಿ, ಆಮೇಲೆ ಅರ್ಥ, ಕೊನೆಗೆ ದೇವರ ಇರವು.

ಕನ್ನಡಕ್ಕೆ ಯಾವ ಪದ?

ಇಂಥ ವಾದ ಕನ್ನಡ ಓದುಗರಿಗೆ ಹೊಸದಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು, ಉಡುಪಿಯ ಮಧ್ವಾಚಾರ್ಯರು, ಅವರಿಗೆ ಮುಂಚಿನ ಶಂಕರರು ಒಂದೇ, ಬೇರೆ, ಸೇರಿದ್ದು ಎಂಬ ಪದಗಳನ್ನು ಎಷ್ಟು ಸೂಕ್ಷ್ಮವಾಗಿ ತೂಗಿದರೆಂದು ಇಲ್ಲಿಯ ಜನಕ್ಕೆ ಗೊತ್ತು. ಅಲ್ಲಿಯ ಪ್ರಶ್ನೆ ಜೀವಕ್ಕೂ ಬ್ರಹ್ಮಕ್ಕೂ ಇರುವ ನಂಟು. ನೈಸಿಯದ ಪ್ರಶ್ನೆ ತಂದೆಗೂ ಮಗನಿಗೂ ಇರುವ ನಂಟು. ಎರಡನ್ನು ಬೆರೆಸಬಾರದು. ಆದರೆ ಭೇದ, ಅಭೇದಗಳ ನಡುವಿನ ಒಂದು ಅಕ್ಷರಕ್ಕಾಗಿ ಶತಮಾನಗಟ್ಟಲೆ ಭಾಷ್ಯ ಬರೆದ ನಾಡಿಗೆ ಅಯೋಟದ ಜಗಳ ಹುಡುಗಾಟವಾಗಿ ಕಾಣಲಾರದು.

ಕನ್ನಡದ ಕ್ರೈಸ್ತ ಬರಹದಲ್ಲಿ ಸ್ವಭಾವ, ತತ್ತ್ವ, ಸತ್ತ್ವ ಎಂಬ ಸಂಸ್ಕೃತ ಪದಗಳು ಈ ಕೆಲಸಕ್ಕೆ ಬಳಕೆಯಾಗುತ್ತ ಬಂದಿವೆ. ಮೂರಕ್ಕೂ ಗೌರವದ ಸ್ಥಾನವಿದೆ, ಮೂರಕ್ಕೂ ಒಂದೊಂದು ತೊಡಕಿದೆ. ಆಡುಮಾತಿನಲ್ಲಿ ಸ್ವಭಾವ ಎಂದರೆ ಗುಣ, ನಡತೆ. ಅಪ್ಪನ ಸ್ವಭಾವ ಮಗನಿಗೂ ಬಂದಿದೆ ಎಂದರೆ ಮಗ ಅಪ್ಪನಂತೆ ಎಂದಾಗುತ್ತದೆಯೇ ಹೊರತು ಒಂದೇ ಎಂದಾಗುವುದಿಲ್ಲ. ಅದು ಅಯೋಟ ಸೇರಿದ ಪದದ ಕಡೆಗೆ ವಾಲುತ್ತದೆ. ತತ್ತ್ವ ಎಂದೊಡನೆ ಸಾಂಖ್ಯದ 25, ಶೈವರ 36 ತತ್ತ್ವಗಳ ಎಣಿಕೆ ನೆನಪಾಗುತ್ತದೆ. ಕನ್ನಡ ಬೈಬಲ್ ಅದನ್ನು ಹಿಪೊಸ್ತಾಸಿಸ್‌ಗೆ ಈಗಾಗಲೇ ಕೊಟ್ಟೂ ಆಗಿದೆ. ಸತ್ತ್ವ ಊಸಿಯಾದ ನಿಜವಾದ ನೆಂಟನಾದರೂ ನಮ್ಮಲ್ಲಿ ಅದು ಮೂರು ಗುಣಗಳಲ್ಲಿ ಒಂದಾಗಿ ಬೇರೂರಿದೆ.

ಹುರುಳಿಗೆ ಈ ಹೊರೆಗಳಿಲ್ಲ. ಅದು ಗುಣವಲ್ಲ, ಗುಣಗಳಿಗೆ ಆಧಾರವಾದದ್ದು. ಮಾತಿನಲ್ಲಿ ಹುರುಳಿದೆ ಎಂದರೆ ಮಾತಿನ ಒಳಗೆ ನಿಜವಾಗಿ ಇರುವ ಏನೋ ಒಂದು ಇದೆ ಎಂದು. ಊಸಿಯಾ ಹೇಳಹೊರಟದ್ದೂ ಅಷ್ಟೇ: ತೋರಿಕೆಯ ಹಿಂದೆ ಇರುವ ಇರವು. ತಂದೆಯೊಡನೆ ಒಂದೇ ಹುರುಳು, ಮನುಷ್ಯತ್ವದಲ್ಲಿ ನಮ್ಮೊಡನೆಯೂ ಒಂದೇ ಹುರುಳು ಎಂದರೆ ನೈಸಿಯವೂ ಕಾಲ್ಸಿಡನ್ನೂ ಹೊಲದಲ್ಲಿ ದುಡಿಯುವವನಿಗೂ ಮುಟ್ಟುತ್ತವೆ. ಎದುರಾಗಬಹುದಾದ ಒಂದು ಆಕ್ಷೇಪವನ್ನು ಒಪ್ಪಬೇಕು. ಹುರುಳು ಜೀವವಿಲ್ಲದ ವಸ್ತುವಿನ ಪದವಾಗಿ ಕೇಳಬಹುದು. ಊಸಿಯಾಕ್ಕೂ ಇದೇ ಆಕ್ಷೇಪ ಬಂದಿತ್ತು. ಕಪ್ಪದೋಕ್ಯದವರು ಅದರ ಪಕ್ಕದಲ್ಲಿ ಹಿಪೊಸ್ತಾಸಿಸನ್ನು ನಿಲ್ಲಿಸಿ ಉತ್ತರ ಕೊಟ್ಟರು. ಕನ್ನಡದಲ್ಲಿ ವ್ಯಕ್ತಿ ಎಂಬ ಪದ ಆ ಸ್ಥಾನಕ್ಕೆ ಆಗಲೇ ಒಗ್ಗಿದೆ. ಹುರುಳು ಒಂದು, ವ್ಯಕ್ತಿಗಳು ಮೂವರು ಎಂದರೆ ಬಸಿಲನ ಸೂತ್ರ ಕನ್ನಡದಲ್ಲಿ ಬಿಗಿಯಾಗಿ ನಿಲ್ಲುತ್ತದೆ.

ವಿಶ್ವಾಸಪ್ರಮಾಣದ ಪದ ಒಮ್ಮೆ ಅಚ್ಚಾದರೆ ಮುಗಿಯಿತು ಎಂದೂ ಇಲ್ಲ. 2011ರ ನವೆಂಬರಿನಲ್ಲಿ ಅಮೆರಿಕದ ಇಂಗ್ಲಿಷ್ ಬಲಿಪೂಜೆಯ ಹೊಸ ಪುಸ್ತಕ ಬಂದಾಗ 'ಇರವಿನಲ್ಲಿ ಒಂದು' ಎಂಬ ಸರಳ ಮಾತು ಹೋಗಿ ಲ್ಯಾಟಿನಿನ ಕನ್‌ಸಬ್‌ಸ್ಟಾನ್ಷಿಯಲ್ ಹಿಂದಿರುಗಿತು. ಖಚಿತತೆ ಬೇಕೆಂದವರು ಸ್ವಾಗತಿಸಿದರು, ಜನಕ್ಕೆ ತಿಳಿಯುವುದಿಲ್ಲ ಎಂದವರು ವಿರೋಧಿಸಿದರು. ಸಿರ್ಮಿಯಂನ ಹಳೆಯ ಪ್ರಶ್ನೆಯೇ ಮತ್ತೆ ಎದ್ದಿತು. ಖಚಿತತೆ ಮತ್ತು ತಿಳಿವು ಎರಡನ್ನೂ ಒಂದೇ ದೇಸಿ ಪದದಲ್ಲಿ ಪಡೆಯುವ ಅವಕಾಶ ತಮಿಳಿಗೆ ಸಿಕ್ಕಿತು, ಅದು ಕೈಬಿಡಲಿಲ್ಲ. ಅದೇ ಪದ ನಮ್ಮ ಬಳಿಯೂ ಇದೆ.

ಕನ್ನಡ ಧರ್ಮಸಭೆಗಳ ಉಪದೇಶಿಗಳಲ್ಲಿ, ಅನುವಾದಕರಲ್ಲಿ, ಕ್ರೈಸ್ತ ಸಾಹಿತ್ಯ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಪ್ರಾರ್ಥನೆಯ ಪುಸ್ತಕ ಬದಲಾಗಲು ಕಾಲ ಬೇಕು. ಅಲ್ಲಿಯವರೆಗೆ ನೈಸಿಯವನ್ನು ವಿವರಿಸುವಾಗಲಾದರೂ ಹುರುಳು ಎಂದು ಹೇಳಿ ನೋಡಿ. ನಲ್ಲಂಪಳ್ಳಿ, ಧರ್ಮಪುರಿ, ಹೊಸೂರುಗಳ ಕನ್ನಡ ಮಾತಿನ ಕುಟುಂಬಗಳಿಗೂ ಒಂದು ಮಾತು: ನಿಮ್ಮ ಮನೆಯ ಕನ್ನಡವನ್ನು ಮಕ್ಕಳಿಗೆ ಓದಲು ಬರೆಯಲು ಕಲಿಸಿ. ಚರ್ಚಿನಲ್ಲಿ ಕೇಳಿದ ಪೊರುಳ್, ಮನೆಯಲ್ಲಿ ಆಡುವ ಹುರುಳು ಒಂದೇ ಎಂದು ಯಾವ ನಿಘಂಟಿನ ನೆರವೂ ಇಲ್ಲದೆ ತಿಳಿಯಬಲ್ಲವರು ನೀವು. ಇಲ್ಲವೆನ್ನುವಾಗ ಮಾತ್ರ ನೆನಪಾಗುವಷ್ಟಕ್ಕೆ ಹುರುಳನ್ನು ನಾವು ಕುಗ್ಗಿಸಿದ್ದೇವೆ. ಇದೆ ಎನ್ನಲೂ ಅದನ್ನು ಬಳಸೋಣ.